ಜಾಣಗಿವುಡು ಎನ್ನುವ ಮುನ್ನ

ಕನ್ನಡದಲ್ಲಿ ‘ಜಾಣಗಿವುಡು’ ಎಂಬ ಮಾತೊಂದಿದೆ. ಕೇಳಿಸಿದರೂ ಕೇಳಿಸದವರಂತೆ ಇದ್ದುಬಿಡುವವರನ್ನು ಕುರಿತು ಆಡುವ ಮಾತು ಅದು. ಕೊಟ್ಟ ಸಾಲವನ್ನು ಕೇಳಿದಾಗ, ಮಾಡಬೇಕಾದ ಕೆಲಸವನ್ನು ನೆನಪಿಸಿದಾಗ ಕಿವಿ ಮುಚ್ಚಿಕೊಳ್ಳುವವರಿಗೆ ಆ ಹೆಸರು ಒಪ್ಪುತ್ತದೆ. ಆದರೆ ನಮ್ಮ ಹಳ್ಳಿಗಳ ಮನೆಗಳಲ್ಲಿ ಈ ಮಾತಿಗೆ ಗುರಿಯಾಗುವವರಲ್ಲಿ ಅನೇಕರು ನಟಿಸುತ್ತಿರುವುದಿಲ್ಲ. ವರ್ಷದ ಬಹುಭಾಗ ಮೂಗು ಕಟ್ಟಿಕೊಂಡೇ ಇರುವ ಶಾಲಾಬಾಲಕ, ಎಳವೆಯಿಂದಲೂ ಕಿವಿ ಸೋರುತ್ತಿರುವ ಗೃಹಿಣಿ, ಸೈನಸ್ಸಿನ ತಲೆಭಾರದೊಂದಿಗೆ ಗದ್ದೆಗೆ ಹೋಗಿಬರುವ ರೈತ, ಇವರಿಗೆ ಒಂದು ದಿನ ಚೆನ್ನಾಗಿ ಕೇಳಿಸುತ್ತದೆ, ಮರುದಿನ ಕೇಳಿಸುವುದಿಲ್ಲ. ಈ ಏರಿಳಿತವೇ ಅವರ ಮೇಲೆ ಅನುಮಾನ ಹುಟ್ಟಿಸುತ್ತದೆ. ‘ನಿನ್ನೆ ಕೇಳಿಸಿತಲ್ಲ, ಇವತ್ತೇನಾಯಿತು?’ ಎಂದು ಮನೆಯವರು ಗದರುತ್ತಾರೆ. ರೋಗದ ಲಕ್ಷಣವನ್ನೇ ನಡತೆಯ ದೋಷವೆಂದು ಬಗೆಯುವ ಈ ರೂಢಿ ನಿಲ್ಲಬೇಕು. ಮೂಗಿನಲ್ಲಿ ಆರಂಭವಾಗಿ ಕಿವಿಯಲ್ಲಿ ಕೊನೆಗೊಳ್ಳುವ ಈ ಕಿವುಡನ್ನು ಕುಟುಂಬ, ಶಾಲೆ, ಸರ್ಕಾರ ಮೂರೂ ಗಂಭೀರವಾಗಿ ಕಾಣಬೇಕು ಎಂಬುದು ನಮ್ಮ ಸ್ಪಷ್ಟ ಅಭಿಪ್ರಾಯ.

ಮೂಗಿಗೂ ಕಿವಿಗೂ ಇರುವ ನಂಟನ್ನು ಮೊದಲು ತಿಳಿದುಕೊಳ್ಳಬೇಕು. ಕಿವಿಯ ತಮಟೆಯ ಒಳಮಗ್ಗುಲಿಗೆ ಒಂದು ಪುಟ್ಟ ಗಾಳಿಗೂಡು ಇದೆ. ಅದನ್ನು ನಡುಗಿವಿ ಎನ್ನುತ್ತೇವೆ. ಈ ಗೂಡಿನಿಂದ ಮೂಗಿನ ಹಿಂಭಾಗಕ್ಕೆ ಒಂದು ಕಿರುದಾರಿ ಸಾಗುತ್ತದೆ. ಹದಿನಾರನೆಯ ಶತಮಾನದ ಇಟಲಿಯ ಅಂಗರಚನಾ ಶಾಸ್ತ್ರಜ್ಞ ಯುಸ್ಟೇಕಿಯ ಹೆಸರಿನಿಂದ ಅದನ್ನು ಯುಸ್ಟೇಷಿಯನ್ ನಾಳವೆಂದು ಕರೆಯುತ್ತಾರೆ. ಪ್ರಾಯದವರಲ್ಲಿ ಅದರ ಉದ್ದ ಸುಮಾರು ಮೂರೂವರೆ ಸೆಂಟಿಮೀಟರ್ ಮಾತ್ರ. ನಾವು ಎಂಜಲು ನುಂಗಿದಾಗ, ಆಕಳಿಸಿದಾಗ ಅದು ಕ್ಷಣಮಾತ್ರ ತೆರೆದುಕೊಂಡು ನಡುಗಿವಿಗೆ ಹೊಸ ಗಾಳಿಯನ್ನು ಒದಗಿಸುತ್ತದೆ, ಅಲ್ಲಿ ಕೂಡಿದ ದ್ರವವನ್ನು ಗಂಟಲಿನತ್ತ ಹರಿಯಗೊಡುತ್ತದೆ. ಮೂಗು, ಅದರ ಸುತ್ತಲಿನ ಸೈನಸ್ ಕುಹರಗಳು, ಈ ನಾಳ, ನಡುಗಿವಿ, ಇವೆಲ್ಲಕ್ಕೂ ಒಂದಕ್ಕೊಂದು ಮುಂದುವರಿದ ಲೋಳೆಪೊರೆಯ ಹೊದಿಕೆಯಿದೆ. ಆದ್ದರಿಂದ ಮೂಗಿನ ಪೊರೆ ಊದಿಕೊಂಡರೆ ನಾಳದ ಬಾಯಿಯೂ ಊದಿಕೊಳ್ಳುತ್ತದೆ. ನಾಳ ಮುಚ್ಚಿದರೆ ನಡುಗಿವಿಯಲ್ಲಿದ್ದ ಗಾಳಿಯನ್ನು ಸುತ್ತಲಿನ ಪೊರೆ ಹೀರಿಕೊಳ್ಳುತ್ತದೆ. ಹೊಸ ಗಾಳಿ ಬರುವುದಿಲ್ಲ. ಒತ್ತಡ ಕುಸಿದು ತಮಟೆ ಒಳಕ್ಕೆ ಸೆಳೆಯಲ್ಪಡುತ್ತದೆ. ಕೆಲವು ದಿನಗಳಲ್ಲಿ ಆ ಗೂಡಿನಲ್ಲಿ ನೀರು ಕೂಡಿ, ಮುಂದೆ ಅದು ಗೋಂದಿನಂತೆ ಗಟ್ಟಿಯಾಗಬಹುದು. ಗಾಳಿಯಲ್ಲಿ ಸರಾಗವಾಗಿ ನಡುಗಬೇಕಾದ ತಮಟೆ ಕೆಸರಿನಲ್ಲಿ ಸಿಕ್ಕ ಚಕ್ರದಂತಾಗುತ್ತದೆ.

ಹೀಗೆ ಉಂಟಾಗುವ ಕಿವುಡಿನ ಸ್ವಭಾವವೇ ಬೇರೆ. ನೆಗಡಿ ಇಳಿದ ದಿನ ನಾಳ ತೆರೆದುಕೊಂಡು ಮಾತು ಸ್ಪಷ್ಟವಾಗುತ್ತದೆ. ಧೂಳೋ ಚಳಿಯೋ ತಾಗಿದ ದಿನ ಮತ್ತೆ ಮುಚ್ಚಿಕೊಳ್ಳುತ್ತದೆ. ಹೊರಗಿನ ಮಾತು ಮಂದವಾದರೂ ತನ್ನ ದನಿ ತನಗೆ ಗಟ್ಟಿಯಾಗಿ, ಕೊಡದೊಳಗೆ ಮಾತನಾಡಿದಂತೆ ಕೇಳಿಸುತ್ತದೆ. ಆದ್ದರಿಂದ ಇಂಥವರು ಮೆಲ್ಲಗೆ ಮಾತನಾಡುತ್ತಾರೆ. ಕಿವುಡರೆಂದರೆ ಕೂಗಿ ಮಾತನಾಡುವವರು ಎಂದು ತಿಳಿದ ನಮಗೆ ಇದು ಒಗಟಾಗಿ ತೋರುತ್ತದೆ. ಮುಖ ನೋಡಿ ಮಾತನಾಡಿಸಿದರೆ ಉತ್ತರಿಸುತ್ತಾರೆ, ಬೆನ್ನ ಹಿಂದಿನಿಂದ ಕರೆದರೆ ತಿರುಗುವುದಿಲ್ಲ. ಇದನ್ನೆಲ್ಲ ಕಂಡು ಮನೆಯವರು ‘ಬೇಕಾದಾಗ ಕೇಳಿಸುತ್ತದೆ, ಬೇಡದಾಗ ಕೇಳಿಸುವುದಿಲ್ಲ’ ಎಂದು ತೀರ್ಪು ಕೊಡುತ್ತಾರೆ. ರೋಗಿಯು ನರಳುವುದು ಕಾಯಿಲೆಯಿಂದ ಒಂದು ಪಾಲಾದರೆ ಈ ತೀರ್ಪಿನಿಂದ ಇನ್ನೊಂದು ಪಾಲು.

ನಮ್ಮ ಸೀಮೆಯಲ್ಲಿ ಮೂಗಿಗೆ ಬೀಳುವ ಹೊರೆ ಸಣ್ಣದಲ್ಲ. ಚನ್ನಗಿರಿ ತಾಲ್ಲೂಕಿನ ಕತ್ತಲಗೆರೆಯನ್ನೇ ನೋಡೋಣ. ಭದ್ರಾ ನಾಲೆಯ ನೀರು ಹರಿಯುವ ಭತ್ತ, ಅಡಿಕೆಗಳ ಸೀಮೆ ಅದು. ಕೃಷಿ ಮತ್ತು ತೋಟಗಾರಿಕೆ ಸಂಶೋಧನಾ ಕೇಂದ್ರವೂ ಅಲ್ಲಿದೆ. ನೀರು ಬಂದ ಮೇಲೆ ಬದುಕು ಹಸನಾಯಿತು, ನಿಜ. ಅದರೊಡನೆ ಸುಗ್ಗಿಯ ಧೂಳೂ ಬಂದಿತು. ಕಟಾವಿನ ಯಂತ್ರ ಗದ್ದೆಯಲ್ಲಿ ಸಾಗುವಾಗ ಏಳುವ ಭತ್ತದ ಹೊಟ್ಟಿನ ಸುಂಕು, ಒಣಹುಲ್ಲು ಒಟ್ಟುವಾಗ ಹಾರುವ ಬೂಷ್ಟು, ಅಡಿಕೆ ಬೇಯಿಸುವ ಒಲೆಗಳ ಹೊಗೆ, ಅಡಿಕೆ ಸುಲಿಯುವ ಯಂತ್ರದ ಸುತ್ತ ಕವಿಯುವ ಸಿಪ್ಪೆಯ ಧೂಳು, ಇವು ಒಂದಾದ ಮೇಲೊಂದರಂತೆ ಬರುತ್ತವೆ. ಹೊನ್ನಾಳಿ, ನ್ಯಾಮತಿಗಳ ಕಣಗಳಲ್ಲಿ ಮೆಕ್ಕೆಜೋಳ ಒಕ್ಕುವಾಗಲೂ ಇದೇ ಕಥೆ. ಜಗಳೂರಿನ ಬಯಲುಸೀಮೆಯಲ್ಲಿ ಮಳೆಯ ಅಭಾವದ ದಿನಗಳಲ್ಲಿ ಗಾಳಿಯೇ ಮಣ್ಣನ್ನು ಹೊತ್ತು ತರುತ್ತದೆ. ಅಡುಗೆ ಮನೆಯಲ್ಲಿ ಗ್ಯಾಸ್ ಒಲೆ ಇದ್ದರೂ ಸ್ನಾನದ ನೀರಿಗೆ, ದನಗಳ ಮುಸುರೆಗೆ ಸೌದೆಯನ್ನೇ ಉರಿಸುವ ಮನೆಗಳು ಕಡಿಮೆಯಿಲ್ಲ. ಇಷ್ಟರ ನಡುವೆ ಮೂಗಿನ ಪೊರೆ ಕೆರಳದೆ ಇದ್ದರೆ ಅದೇ ಸೋಜಿಗ. ಅಲರ್ಜಿಯ ಸ್ವಭಾವವಿದ್ದವರಿಗೆ, ಮೂಗಿನ ನಡುಗೋಡೆ ಡೊಂಕಾಗಿರುವವರಿಗೆ, ಮೂಗಿನಲ್ಲಿ ದುರ್ಮಾಂಸ ಬೆಳೆದವರಿಗೆ ಈ ಕೆರಳಿಕೆ ಇಳಿಯುವುದೇ ಇಲ್ಲ. ಮೂಗು ಕಟ್ಟುವುದು, ಗಂಟಲಿಗೆ ಕಫ ಇಳಿಯುವುದು, ಮುಖದಲ್ಲಿ ಭಾರ, ವಾಸನೆ ತಿಳಿಯದಿರುವುದು, ಇಂಥ ತೊಂದರೆಗಳು ಹನ್ನೆರಡು ವಾರ ಮೀರಿ ಉಳಿದರೆ ವೈದ್ಯರು ಅದನ್ನು ದೀರ್ಘಕಾಲದ ಸೈನಸ್ ಉರಿಯೂತವೆಂದು ಶಂಕಿಸುತ್ತಾರೆ. ನಮ್ಮಲ್ಲಿಯೋ ಹನ್ನೆರಡು ವರ್ಷವಾದರೂ ‘ನನ್ನದು ಶೀತದ ಮೈ’ ಎಂದು ಸಮಾಧಾನಪಟ್ಟುಕೊಳ್ಳುವವರೇ ಹೆಚ್ಚು.

ಅಡಿಕೆಯ ನಾಡಿನಲ್ಲಿ ಹೇಳಲೇಬೇಕಾದ ಇನ್ನೊಂದು ಮಾತಿದೆ. ಅಡಿಕೆ ನಮ್ಮ ಅನ್ನದ ದಾರಿ. ಅದನ್ನು ಬೆಳೆಯುವವರ ಶ್ರಮವನ್ನು ನಾವು ಗೌರವಿಸುತ್ತೇವೆ. ಆದರೆ ಅಡಿಕೆಯನ್ನೂ ಗುಟ್ಕಾವನ್ನೂ ಹೊತ್ತುಹೊತ್ತಿಗೆ ಜಗಿಯುವವರಲ್ಲಿ ಬಾಯಿಯ ಒಳಪೊರೆ ನಾರುಗಟ್ಟಿ ಬಾಯಿ ತೆರೆಯುವುದೇ ಕಷ್ಟವಾಗುವ ರೋಗ ಬರುವುದು ವೈದ್ಯಲೋಕಕ್ಕೆ ಚೆನ್ನಾಗಿ ತಿಳಿದ ಸಂಗತಿ. ಅದು ಬಾಯಿಯ ಕ್ಯಾನ್ಸರಿಗೆ ಹಾದಿಯಾಗಬಲ್ಲದು ಎಂಬುದನ್ನು ಹಲವರು ಬಲ್ಲರು. ಕಿವಿಗೂ ಅದು ಕೇಡು ಎಂಬುದನ್ನು ಬಲ್ಲವರು ವಿರಳ. ಯುಸ್ಟೇಷಿಯನ್ ನಾಳವನ್ನು ತೆರೆಯುವ ಸ್ನಾಯುಗಳು ಅಂಗುಳಿಗೆ ಸೇರಿದವು. ಅಂಗುಳು ಬಿಗಿದುಕೊಂಡಾಗ ಆ ಸ್ನಾಯುಗಳೂ ಬಿಗಿದು, ನಾಳ ತೆರೆಯುವುದು ಕಷ್ಟವಾಗಿ, ಕೆಲವರಲ್ಲಿ ಕೇಳುವ ಶಕ್ತಿ ಕುಂದುತ್ತದೆ. ಬೆಳೆದದ್ದನ್ನೆಲ್ಲ ಬಾಯಿಗೆ ಹಾಕಿಕೊಳ್ಳಬೇಕೆಂಬ ನಿಯಮವೇನೂ ಇಲ್ಲವಷ್ಟೆ.

ಈ ಎಲ್ಲದರ ಅತಿ ದುಬಾರಿ ಬೆಲೆಯನ್ನು ತೆರುವವರು ಮಕ್ಕಳು. ಮಕ್ಕಳಲ್ಲಿ ಈ ನಾಳ ಗಿಡ್ಡವಾಗಿ, ಹೆಚ್ಚು ಅಡ್ಡಡ್ಡವಾಗಿ ಇರುವುದರಿಂದ ಮೂಗಿನ ಸೋಂಕು ಕಿವಿಗೆ ಸುಲಭವಾಗಿ ಏರುತ್ತದೆ. ಮೂಗಿನ ಹಿಂದೆ ಬೆಳೆಯುವ ಅಡಿನಾಯ್ಡ್ ಗ್ರಂಥಿ ದೊಡ್ಡದಾದರೆ ನಾಳದ ಬಾಯಿಗೇ ಅಡ್ಡಿ. ಸದಾ ಬಾಯಿ ತೆರೆದುಕೊಂಡಿರುವ, ಗೊರಕೆ ಹೊಡೆಯುವ, ಮೂಗು ಸೋರುವ ಮಗುವನ್ನು ಕಂಡಾಗ ಅದರ ಕಿವಿಯನ್ನೂ ಪರೀಕ್ಷಿಸಬೇಕು. ನಡುಗಿವಿಯಲ್ಲಿ ನೀರು ನಿಂತ ಮಗುವಿಗೆ ಸಾಮಾನ್ಯವಾಗಿ ನೋವಿರುವುದಿಲ್ಲ, ಜ್ವರವಿರುವುದಿಲ್ಲ. ಕೇಳುವ ಶಕ್ತಿ ಮಾತ್ರ ಸುಮಾರು 25ರಿಂದ 30 ಡೆಸಿಬಲ್‌ನಷ್ಟು ತಗ್ಗಿರುತ್ತದೆ. ಸಾಮಾನ್ಯ ಮಾತುಕತೆಯ ಧ್ವನಿ 60 ಡೆಸಿಬಲ್ ಆಸುಪಾಸಿನದು, ಪಿಸುಮಾತು 30ರ ಆಸುಪಾಸಿನದು ಎಂಬುದನ್ನು ನೆನೆದರೆ ಈ ನಷ್ಟ ಎಷ್ಟೆಂದು ತಿಳಿದೀತು. ತರಗತಿಯ ಗದ್ದಲದಲ್ಲಿ ಮೇಷ್ಟರ ಮಾತಿನ ಗಟ್ಟಿ ಅಕ್ಷರಗಳು ಮಾತ್ರ ಅದಕ್ಕೆ ಮುಟ್ಟುತ್ತವೆ. ಮೆದು ವ್ಯಂಜನಗಳು ಹಾದಿಯಲ್ಲೇ ಕಳೆದುಹೋಗುತ್ತವೆ. ಉಕ್ತಲೇಖನದಲ್ಲಿ ‘ಸಾಲು’ ಎಂದರೆ ‘ಹಾಲು’ ಎಂದು, ‘ಕಲೆ’ ಎಂದರೆ ‘ತಲೆ’ ಎಂದು ಬರೆಯುವ ಮಗುವಿನ ಪುಸ್ತಕದಲ್ಲಿ ಕೆಂಪು ಗೆರೆಗಳು ತುಂಬುತ್ತವೆ. ‘ದಡ್ಡ’ ಎಂಬ ಹೆಸರು ಅದಕ್ಕೆ ಅಂಟುತ್ತದೆ, ಹಿಂದಿನ ಸಾಲಿನಲ್ಲಿ ಕೂರಿಸುತ್ತಾರೆ, ಅಲ್ಲಿ ಇನ್ನೂ ಕಡಿಮೆ ಕೇಳಿಸುತ್ತದೆ. ಹೆಚ್ಚಿನ ಮಕ್ಕಳಲ್ಲಿ ಈ ನೀರು ಮೂರು ತಿಂಗಳೊಳಗೆ ತಾನೇ ಇಂಗಿಹೋಗುತ್ತದೆ. ಆದರೆ ಇಂಗದೆ ಉಳಿದ ಮಕ್ಕಳನ್ನು ಗುರುತಿಸುವವರು ಬೇಕು. ಬಾಲ್ಯದ ಶ್ರವಣದೋಷದಲ್ಲಿ ಸುಮಾರು ಶೇ. 60ರಷ್ಟು ತಡೆಗಟ್ಟಬಹುದಾದ ಕಾರಣಗಳಿಂದ ಬರುವಂಥದ್ದು ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ತಡೆಯಬಹುದಾಗಿದ್ದುದನ್ನು ತಡೆಯದೆ ಬಿಟ್ಟರೆ ಅದಕ್ಕೆ ವಿಧಿಯನ್ನು ಹೊಣೆಮಾಡುವುದು ಸಲ್ಲದು.

ಇನ್ನು ಕಿವಿ ಸೋರುವ ವಿಚಾರ. ‘ಮಕ್ಕಳ ಕಿವಿ ಸೋರುವುದು ಸಹಜ, ದೊಡ್ಡವರಾದ ಮೇಲೆ ತಾನೇ ನಿಲ್ಲುತ್ತದೆ’ ಎಂಬ ಮಾತು ನಮ್ಮ ಹಳ್ಳಿಗಳಲ್ಲಿ ಇಂದಿಗೂ ಕೇಳಿಬರುತ್ತದೆ. ಸಹಜವಾದ ಸೋರಿಕೆ ಎಂಬುದು ಇಲ್ಲ. ಕೀವು ಬರುತ್ತಿದೆಯೆಂದರೆ ತಮಟೆ ತೂತಾಗಿರುವ ಸಂಭವವೇ ಹೆಚ್ಚು. ನೋವಿಲ್ಲವೆಂದು ನಿರ್ಲಕ್ಷಿಸಿದರೆ ವರ್ಷಗಳ ಸೋಂಕು ನಡುಗಿವಿಯ ಮೂರು ಕಿರುಮೂಳೆಗಳನ್ನು ಸವೆಸುತ್ತದೆ. ತಮಟೆಯ ಚರ್ಮ ಒಳಕ್ಕೆ ಬೆಳೆದು ಗಂಟಾಗುವ ಕೊಲೆಸ್ಟಿಯಟೋಮ ಎಂಬ ಬಗೆಯಲ್ಲಿ ಮೂಳೆಯೇ ಕರಗಿ, ಮುಖದ ನರಕ್ಕೂ ಮೆದುಳಿಗೂ ಅಪಾಯ ತಟ್ಟಬಹುದು. ದುರ್ವಾಸನೆಯ ಕೀವು ಸ್ವಲ್ಪವೇ ಬರುತ್ತಿದ್ದರೂ ಅದು ದೊಡ್ಡ ಎಚ್ಚರಿಕೆ.

ಇಂಥ ಕಿವಿಗೆ ನಮ್ಮ ಮನೆಗಳಲ್ಲಿ ನಡೆಯುವ ಉಪಚಾರವನ್ನು ನೆನೆದರೆ ಆತಂಕವಾಗುತ್ತದೆ. ಬೆಳ್ಳುಳ್ಳಿ ಹಾಕಿ ಕಾಸಿದ ಎಣ್ಣೆ, ಈರುಳ್ಳಿಯ ರಸ, ಎದೆಹಾಲು, ಸೊಪ್ಪಿನ ಹಿಂಡು, ಕೋಳಿಪುಕ್ಕ, ಬೆಂಕಿಕಡ್ಡಿ, ಪಿನ್ನು, ಹೀಗೆ ಕಿವಿಯೊಳಗೆ ಹೋಗದ ವಸ್ತುವೇ ಇಲ್ಲವೆನ್ನಬೇಕು. ತೂತಾದ ತಮಟೆಯ ಮೂಲಕ ಇವು ನೇರವಾಗಿ ನಡುಗಿವಿಗೆ ಇಳಿದು ಸೋಂಕನ್ನು ಬೆಳೆಸುತ್ತವೆ. ಅಂಗಡಿಯಲ್ಲಿ ಕೇಳಿ ತಂದ ಕಿವಿಯ ಹನಿಗಳೂ ಎಲ್ಲವೂ ನಿರಪಾಯವಲ್ಲ. ಕೆಲವು ಪ್ರತಿಜೀವಕ ಔಷಧಗಳು ಒಳಗಿವಿಗೆ ತಲುಪಿದರೆ ಅಲ್ಲಿನ ಸೂಕ್ಷ್ಮ ಕೋಶಗಳನ್ನು ಶಾಶ್ವತವಾಗಿ ಕೊಲ್ಲಬಲ್ಲವು. ಮನೆಮದ್ದಿನ ವಿಷಯದಲ್ಲಿ ನಮಗೆ ತಿರಸ್ಕಾರವಿಲ್ಲ. ಮೂಗು ತಲೆಗೆ ಬಾಗಿಲು ಎಂಬ ತಿಳಿವು ಆಯುರ್ವೇದದಲ್ಲಿಯೂ ಇದೆ. ಆದರೆ ಯಾವ ಪದ್ಧತಿಯ ವೈದ್ಯರೇ ಆಗಲಿ, ತಮಟೆಯನ್ನು ನೋಡದೆ ಕಿವಿಗೆ ಏನನ್ನೂ ಸುರಿಯಬಾರದು, ಮನೆಯವರಂತೂ ಸುರಿಯಲೇಬಾರದು. ಸೋರುವ ಕಿವಿಯನ್ನು ಶುಭ್ರವಾದ ಹತ್ತಿ ಬಟ್ಟೆಯ ಬತ್ತಿಯಿಂದ ಹೊರಬಾಯಿಯಲ್ಲಿ ಮೆಲ್ಲಗೆ ಒರೆಸಿ ಒಣಗಿಸುವುದು, ಸ್ನಾನ ಮಾಡುವಾಗ ವ್ಯಾಸಲೀನ್ ಸವರಿದ ಹತ್ತಿಯನ್ನು ಕಿವಿಯ ಹೊರಬಾಯಿಗೆ ಇಟ್ಟುಕೊಳ್ಳುವುದು, ನಾಲೆಯಲ್ಲಿ ಕೆರೆಯಲ್ಲಿ ಮುಳುಗಿ ಈಜದಿರುವುದು, ಇಷ್ಟು ಮನೆಯಲ್ಲಿ ಮಾಡಬಹುದಾದ ಉತ್ತಮ ಉಪಚಾರ. ಬೇಸಿಗೆಯಲ್ಲಿ ನಾಲೆಗೆ ಧುಮುಕುವ ಹುಡುಗರಿಗೆ ಈ ಮಾತು ರುಚಿಸದು, ಆದರೂ ಹೇಳಬೇಕು.

ಮೂಗಿನ ಆರೈಕೆಯಲ್ಲಿಯೂ ಕೆಲವು ಶಿಸ್ತುಗಳಿವೆ. ಧೂಳಿನ ಕೆಲಸಕ್ಕೆ ಹೋಗುವಾಗ ಟವೆಲನ್ನು ತಲೆಗೆ ಸುತ್ತುವ ಬದಲು ಮೂಗುಬಾಯಿಗೆ ಸುತ್ತಿಕೊಳ್ಳುವುದು, ಮಾಸ್ಕ್ ಧರಿಸುವುದು ಇನ್ನೂ ಲೇಸು. ಸೀನುವಾಗ ಎರಡೂ ಹೊಳ್ಳೆಗಳನ್ನು ಅದುಮಿ ಜೋರಾಗಿ ಸೀದಿದರೆ ಸೋಂಕು ಕಿವಿಗೆ ನುಗ್ಗುತ್ತದೆ. ಒಂದೊಂದು ಹೊಳ್ಳೆಯಿಂದ ಮೆಲ್ಲಗೆ ಸೀದಬೇಕು. ಉಪ್ಪುನೀರಿನಿಂದ ಮೂಗು ತೊಳೆಯುವುದು ಯೋಗದ ಜಲನೇತಿಯಲ್ಲಿ ಬಂದ ಕ್ರಮ; ದೀರ್ಘಕಾಲದ ಸೈನಸ್ ತೊಂದರೆಗೆ ಆಧುನಿಕ ವೈದ್ಯರೂ ಅದನ್ನು ಸಲಹೆ ಮಾಡುತ್ತಾರೆ. ಅರ್ಧ ಲೀಟರ್ ನೀರಿಗೆ ಒಂದು ಸಣ್ಣ ಚಮಚ ಉಪ್ಪು ಸಾಕು. ನೀರು ಮಾತ್ರ ಚೆನ್ನಾಗಿ ಕುದಿಸಿ ಆರಿಸಿದ್ದಾಗಿರಲೇಬೇಕು. ಕೆರೆ, ನಾಲೆ, ತೊಟ್ಟಿಗಳ ಹಸಿನೀರನ್ನು ಮೂಗಿಗೆ ಏರಿಸಬಾರದು. ಅಂಥ ನೀರಿನಲ್ಲಿ ಇರಬಹುದಾದ ನೇಗ್ಲೇರಿಯಾ ಎಂಬ ಅಮೀಬ ಮೂಗಿನಿಂದ ಮೆದುಳಿಗೆ ಏರಿ ಪ್ರಾಣ ತೆಗೆಯುತ್ತದೆ. ನೆರೆಯ ಕೇರಳದಲ್ಲಿ ಈಚಿನ ವರ್ಷಗಳಲ್ಲಿ ಅಮೀಬದಿಂದ ಬರುವ ಮೆದುಳಿನ ಜ್ವರ ಹಲವರನ್ನು ಕಾಡಿದೆ. ಕಿವಿ ನೋಯುತ್ತಿರುವಾಗ, ಮೂಗು ಪೂರ್ತಿ ಕಟ್ಟಿರುವಾಗ ತೊಳೆಯುವುದು ಬೇಡ.

ಔಷಧದ ಅಂಗಡಿಯಲ್ಲಿ ಸಿಗುವ, ಹಾಕಿದ ಕೂಡಲೇ ಮೂಗು ಬಿಡಿಸುವ ಹನಿಗಳ ಬಗ್ಗೆ ಎಚ್ಚರವಿರಲಿ. ನಾಲ್ಕೈದು ದಿನ ಮೀರಿ ಅವನ್ನು ಬಳಸಿದರೆ ಮೂಗು ಅವುಗಳಿಗೇ ಒಗ್ಗಿಹೋಗಿ, ಹನಿ ಹಾಕದಿದ್ದರೆ ಮೊದಲಿಗಿಂತ ಬಿಗಿಯಾಗಿ ಕಟ್ಟುತ್ತದೆ. ಇದಕ್ಕೆ ಬದಲಾಗಿ ವೈದ್ಯರು ಬರೆದುಕೊಡುವ ಸ್ಟಿರಾಯ್ಡ್ ತುಂತುರು ಔಷಧವನ್ನು ಜನ ಹೆಸರು ಕೇಳಿಯೇ ಹೆದರಿ ಬಿಟ್ಟುಬಿಡುತ್ತಾರೆ. ಅದರ ಪ್ರಮಾಣ ಅತ್ಯಲ್ಪ. ಅದು ಮೂಗಿನ ಪೊರೆಯ ಮೇಲಷ್ಟೇ ಹೆಚ್ಚಾಗಿ ಕೆಲಸ ಮಾಡುತ್ತದೆ. ಎರಡು ದಿನದಲ್ಲಿ ಗುಣ ಕಾಣಲಿಲ್ಲವೆಂದು ಬಿಡುವಂಥದ್ದಲ್ಲ. ವಾರಗಳ ಕಾಲ ನಿತ್ಯವೂ ಬಳಸಿದಾಗಲೇ ಫಲ. ಹೊಳ್ಳೆಯ ನಡುಗೋಡೆಗೆ ಬೀಳದಂತೆ, ಅದೇ ಬದಿಯ ಕಿವಿಯ ದಿಕ್ಕಿಗೆ ತುದಿಯನ್ನು ತಿರುಗಿಸಿ ಹಾಕಬೇಕು. ಈ ಒಂದು ಮಾತನ್ನು ತೋರಿಸಿ ಕಲಿಸಿದರೆ ಅರ್ಧ ಚಿಕಿತ್ಸೆ ಆದಂತೆ.

ಇಷ್ಟರಿಂದ ಗುಣವಾಗದಿದ್ದರೆ ಕಿವಿ ಮೂಗು ಗಂಟಲು ತಜ್ಞರನ್ನು ಕಾಣಲೇಬೇಕು. ಟ್ಯೂನಿಂಗ್ ಫೋರ್ಕ್ ಎಂಬ ಸರಳ ಸಾಧನದಿಂದ ಕಿವುಡು ನಡುಗಿವಿಯದೋ ಒಳಗಿವಿಯದೋ ಎಂದು ಅವರು ಕೆಲವೇ ನಿಮಿಷಗಳಲ್ಲಿ ಅಂದಾಜಿಸಬಲ್ಲರು. ಆಡಿಯೋಮೆಟ್ರಿ ಕೇಳುವ ಶಕ್ತಿಯನ್ನು ಅಳೆಯುತ್ತದೆ. ಇನ್ನೊಂದು ಪರೀಕ್ಷೆ ನಡುಗಿವಿಯಲ್ಲಿ ನೀರಿದೆಯೇ ಎಂದು ತಿಳಿಸುತ್ತದೆ. ಇವುಗಳಲ್ಲಿ ಯಾವುದೂ ನೋವಿನ ಪರೀಕ್ಷೆಯಲ್ಲ. ನೀರು ಇಂಗದ ಮಕ್ಕಳಿಗೆ ತಮಟೆಯಲ್ಲಿ ಗ್ರೊಮೆಟ್ ಎಂಬ ಪುಟ್ಟ ಕೊಳವೆ ಇಟ್ಟು ಗಾಳಿಯ ದಾರಿ ಮಾಡಬಹುದು, ಅಡಿನಾಯ್ಡ್ ತೆಗೆಯಬಹುದು. ತೂತಾದ ತಮಟೆಗೆ ರೋಗಿಯ ಕಿವಿಯ ಮೇಲ್ಭಾಗದಿಂದಲೇ ತೆಗೆದ ತೆಳುಪೊರೆಯ ತೇಪೆ ಹಾಕಬಹುದು. ಇಂದು ಇದು ಅಪರೂಪದ ಸಾಹಸವಲ್ಲ, ವೈದ್ಯಕೀಯ ಕಾಲೇಜಿನ ಆಸ್ಪತ್ರೆಗಳಲ್ಲಿ ವಾಡಿಕೆಯಾಗಿ ನಡೆಯುವ ಶಸ್ತ್ರಚಿಕಿತ್ಸೆ. ದಾವಣಗೆರೆಯಲ್ಲಿಯೂ ಶಿವಮೊಗ್ಗದಲ್ಲಿಯೂ ವೈದ್ಯಕೀಯ ಕಾಲೇಜುಗಳಿವೆ. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸಾ ನೆರವು ಇದೆ. ಮೊದಲು ಸರ್ಕಾರಿ ಆಸ್ಪತ್ರೆಯಲ್ಲಿ ತೋರಿಸಿ, ತಮ್ಮ ಚಿಕಿತ್ಸೆಗೆ ಅದು ಅನ್ವಯಿಸುವುದೇ ಎಂದು ವಿಚಾರಿಸಿಕೊಳ್ಳಬೇಕು.

ಕಾಯಲೇಬಾರದ ಸಂದರ್ಭಗಳೂ ಇವೆ. ಕಿವಿ ಸೋರುವವರಿಗೆ ತಲೆಸುತ್ತು, ತೀವ್ರ ತಲೆನೋವು, ಜ್ವರ, ಮುಖ ಸೊಟ್ಟಗಾಗುವುದು, ಕಿವಿಯ ಹಿಂದೆ ಊತ ಕಾಣಿಸಿದರೆ ಅದೇ ದಿನ ಆಸ್ಪತ್ರೆಗೆ ಹೋಗಬೇಕು. ನೆಗಡಿ ಇರಲಿ ಬಿಡಲಿ, ಒಂದು ಕಿವಿ ಇದ್ದಕ್ಕಿದ್ದಂತೆ ಕೇಳಿಸದಾದರೆ ಅದು ಒಳಗಿವಿಯ ತುರ್ತು ಕಾಯಿಲೆಯಾಗಿರಬಹುದು. ಮೊದಲ ಕೆಲವು ದಿನಗಳಲ್ಲಿ ಚಿಕಿತ್ಸೆ ಸಿಕ್ಕರೆ ಮಾತ್ರ ಹೆಚ್ಚಿನ ಭರವಸೆ. ಪ್ರಾಯದವರಲ್ಲಿ ಒಂದೇ ಬದಿಯ ಕಿವಿ ವಾರಗಟ್ಟಲೆ ಮುಚ್ಚಿದಂತಿದ್ದು, ಕುತ್ತಿಗೆಯಲ್ಲಿ ಗಂಟು ಅಥವಾ ಮೂಗಿನಿಂದ ರಕ್ತ ಕಂಡರೆ ಮೂಗಿನ ಹಿಂಭಾಗವನ್ನು ದುರ್ಬೀನಿನಿಂದ ನೋಡಿಸಲೇಬೇಕು. ಸಕ್ಕರೆ ಕಾಯಿಲೆಯವರಿಗೆ ಮೂಗಿನಲ್ಲಿ ಕಪ್ಪು ಹಕ್ಕಳೆ, ಕಣ್ಣಿನ ಸುತ್ತ ಊತ ಬಂದರೆ ಒಂದು ಗಂಟೆಯೂ ತಡಮಾಡಬಾರದು. 2021ರ ಕಪ್ಪು ಶಿಲೀಂಧ್ರದ ದಿನಗಳನ್ನು ಯಾರೂ ಮರೆತಿಲ್ಲ.

ಇಷ್ಟೆಲ್ಲ ಚಿಕಿತ್ಸೆ ಇದ್ದೂ ನಮ್ಮ ಹಳ್ಳಿಗಳಲ್ಲಿ ಸೋರುವ ಕಿವಿಗಳು ಏಕೆ ಉಳಿದಿವೆ? ಕಣ್ಣಿನ ಇತಿಹಾಸವನ್ನು ಇದರೊಡನೆ ಹೋಲಿಸಿ ನೋಡಿದರೆ ಉತ್ತರ ಸಿಗುತ್ತದೆ. ನೇತ್ರ ವೈದ್ಯ ಡಾ. ಎಂ. ಸಿ. ಮೋದಿಯವರು ಊರೂರಿಗೆ ಹೋಗಿ ಶಿಬಿರಗಳನ್ನು ನಡೆಸಿ, ಒಂದೇ ದಿನದಲ್ಲಿ ನೂರಾರು ಜನರ ಕಣ್ಣಿನ ಪೊರೆ ತೆಗೆದವರು. ಕಣ್ಣು ಮಂಜಾಗುವುದು ಮುಪ್ಪಿನ ಹಣೆಬರಹವಲ್ಲ, ಗುಣವಾಗುವ ಕಾಯಿಲೆ ಎಂಬ ನಂಬಿಕೆ ಕನ್ನಡನಾಡಿನ ಜನರಲ್ಲಿ ಬೇರೂರಿದ್ದು ಅಂಥ ಶಿಬಿರಗಳಿಂದ. ಮಠಗಳು, ಸಂಘಗಳು ಆ ಕೆಲಸವನ್ನು ಮುಂದುವರಿಸಿವೆ. ಅಂಧತ್ವ ನಿಯಂತ್ರಣದ ರಾಷ್ಟ್ರೀಯ ಕಾರ್ಯಕ್ರಮ 1976ರಲ್ಲಿಯೇ ಬಂದಿತು. ಕಿವುಡುತನದ ತಡೆ ಮತ್ತು ನಿಯಂತ್ರಣದ ರಾಷ್ಟ್ರೀಯ ಕಾರ್ಯಕ್ರಮ ಪ್ರಾಯೋಗಿಕವಾಗಿ ಆರಂಭವಾದುದು 2007ರಲ್ಲಿ, ಮೂರು ದಶಕಗಳ ಬಳಿಕ. ದೇಶದಲ್ಲಿ ಗಣನೀಯ ಶ್ರವಣದೋಷ ಇರುವವರು ಸುಮಾರು 6.3 ಕೋಟಿ ಎಂಬ ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜನ್ನು ಆ ಕಾರ್ಯಕ್ರಮವೇ ಉಲ್ಲೇಖಿಸುತ್ತದೆ. ಕುರುಡು ಎದುರಿಗೆ ಕಾಣುತ್ತದೆ, ಕರುಣೆ ಹುಟ್ಟಿಸುತ್ತದೆ. ಕಿವುಡು ಕಾಣುವುದಿಲ್ಲ, ಸಿಡುಕು ಹುಟ್ಟಿಸುತ್ತದೆ. ಈ ಭೇದವೇ ಮೂವತ್ತು ವರ್ಷಗಳ ಅಂತರಕ್ಕೆ ಮುಖ್ಯ ಕಾರಣವೆಂದು ನಾವು ಭಾವಿಸುತ್ತೇವೆ.

ನಮ್ಮ ರಾಜ್ಯಕ್ಕೆ ಈ ವಿಷಯದಲ್ಲಿ ಬಡತನವಿಲ್ಲ. 1965ರಲ್ಲಿ ಸ್ಥಾಪನೆಯಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಮೈಸೂರಿನಲ್ಲಿಯೇ ಇದೆ; ಶ್ರವಣತಜ್ಞರನ್ನು ಇಡೀ ದೇಶಕ್ಕೆ ತರಬೇತುಗೊಳಿಸುತ್ತಿದೆ. ಆದರೆ ಶ್ರವಣ ಪರೀಕ್ಷೆಯ ವ್ಯವಸ್ಥೆ ಜಿಲ್ಲಾ ಆಸ್ಪತ್ರೆಯನ್ನು ಕೇಂದ್ರವಾಗಿಟ್ಟುಕೊಂಡಿರುವುದರಿಂದ ಕತ್ತಲಗೆರೆಯಂಥ ಊರಿನ ಕೂಲಿಕಾರ ತನ್ನ ಮಗುವಿನ ಕಿವಿ ತೋರಿಸಲು ಒಂದು ದಿನದ ಕೂಲಿಯನ್ನೂ ಬಸ್ಸಿನ ಖರ್ಚನ್ನೂ ತೆರಬೇಕು. ನೋವಿಲ್ಲದ ಕಾಯಿಲೆಗೆ ಯಾರು ಕೂಲಿ ಬಿಟ್ಟಾರು? ಆದ್ದರಿಂದ ತಿಂಗಳಿಗೆ ಒಂದು ನಿಗದಿತ ದಿನ ಪ್ರತಿ ತಾಲ್ಲೂಕು ಆಸ್ಪತ್ರೆಯಲ್ಲಿ ಶ್ರವಣತಜ್ಞರೂ ಪರೀಕ್ಷಾ ಯಂತ್ರವೂ ಇರಬೇಕು ಎಂಬುದು ನಮ್ಮ ಮೊದಲ ಒತ್ತಾಯ. ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ವೈದ್ಯತಂಡಗಳು ವರ್ಷಕ್ಕೆ ಎರಡು ಬಾರಿ ಅಂಗನವಾಡಿಗೆ, ಒಂದು ಬಾರಿ ಶಾಲೆಗೆ ಬರುವ ಕ್ರಮವಿದೆ. ಆ ದಿನ ಮೂಗು ಕಟ್ಟಿದ, ಕಿವಿ ಸೋರುವ ಮಕ್ಕಳ ಪಟ್ಟಿಯನ್ನು ಶಿಕ್ಷಕರು ಮೊದಲೇ ಸಿದ್ಧಮಾಡಿ ಮುಂದಿಡಬೇಕು ಎಂಬುದು ಎರಡನೆಯದು. ಇದಕ್ಕೆ ಸರ್ಕಾರದ ಹೊಸ ಆದೇಶವಾಗಲಿ ಹಣವಾಗಲಿ ಬೇಕಿಲ್ಲ. ಕಣ್ಣಿನ ಶಿಬಿರ ನಡೆಸುವ ಸಂಘಸಂಸ್ಥೆಗಳೂ ಮಠಗಳೂ ಅದೇ ಚಪ್ಪರದಲ್ಲಿ ಕಿವಿಗೂ ಒಂದು ಮೇಜು ಹಾಕಲಿ ಎಂಬುದು ಮೂರನೆಯದು. ಮಾರ್ಚ್ 3 ವಿಶ್ವ ಶ್ರವಣ ದಿನ. ಅಂದು ಭಾಷಣಕ್ಕಿಂತ ಹತ್ತು ಮಕ್ಕಳ ಕಿವಿ ಪರೀಕ್ಷೆ ಮೇಲು.

ಚಿಕಿತ್ಸೆಯಾದ ಮೇಲೂ ಕೆಲವರಲ್ಲಿ ಕಿವುಡು ಉಳಿಯುತ್ತದೆ. ಅವರೊಡನೆ ಬಾಳುವುದು ಹೇಗೆಂದು ಮನೆಯವರು ಕಲಿಯಬೇಕು. ಇನ್ನೊಂದು ಕೋಣೆಯಿಂದ ಕೂಗಬಾರದು. ಎದುರಿಗೆ ಬಂದು, ಬೆಳಕಿನಲ್ಲಿ ನಿಂತು, ಮುಖ ಕಾಣುವಂತೆ, ನಿಧಾನವಾಗಿ ಮಾತನಾಡಬೇಕು. ಒಮ್ಮೆ ಹೇಳಿದ್ದು ತಿಳಿಯದಿದ್ದರೆ ಅದನ್ನೇ ಗಟ್ಟಿಯಾಗಿ ಒದರುವ ಬದಲು ಬೇರೆ ಮಾತುಗಳಲ್ಲಿ ಹೇಳಬೇಕು. ಟಿವಿಯ ಸದ್ದನ್ನು ತಗ್ಗಿಸಿ ಮಾತನಾಡಿಸಬೇಕು. ‘ಏನಿಲ್ಲ ಬಿಡು’ ಎಂಬ ಮಾತನ್ನು ಅವರ ಮುಂದೆ ಆಡಲೇಬಾರದು. ಎಲ್ಲರೂ ನಕ್ಕ ಮಾತು ತನಗೆ ಮಾತ್ರ ತಿಳಿಯದೆ ಉಳಿಯುವ ಏಕಾಂತಕ್ಕಿಂತ ದೊಡ್ಡ ಶಿಕ್ಷೆ ಮನೆಯೊಳಗೆ ಇನ್ನಾವುದಿದೆ? ಕೇಳಿಸದವರು ಕ್ರಮೇಣ ಮದುವೆ ಮುಂಜಿಗಳಿಗೆ, ಪ್ರವಚನಗಳಿಗೆ, ಪಂಚಾಯತಿಗೆ ಹೋಗುವುದನ್ನು ಬಿಡುತ್ತಾರೆ. ಮುಪ್ಪಿನ ಮರೆಗುಳಿತನವನ್ನು ಹೆಚ್ಚಿಸುವ, ಆದರೆ ತಡೆಯಬಹುದಾದ ಕಾರಣಗಳಲ್ಲಿ ಶ್ರವಣದೋಷವೂ ಒಂದೆಂದು ವೈದ್ಯವಿಜ್ಞಾನ ಇಂದು ಗುರುತಿಸಿದೆ.

ಕಣ್ಣಿಗೆ ಕನ್ನಡಕ ಹಾಕಿದರೆ ವಿದ್ಯಾವಂತನೆನ್ನುತ್ತೇವೆ, ಕಿವಿಗೆ ಯಂತ್ರ ಹಾಕಿದರೆ ಅಂಗವಿಕಲನೆನ್ನುತ್ತೇವೆ. ಈ ಅನ್ಯಾಯದಿಂದಲೇ ಎಷ್ಟೋ ಶ್ರವಣಯಂತ್ರಗಳು ಪೆಟ್ಟಿಗೆಯಲ್ಲಿ ಮಲಗಿವೆ. ಹೆಣ್ಣುಮಕ್ಕಳ ವಿಷಯದಲ್ಲಂತೂ ಮದುವೆಗೆ ಅಡ್ಡಿಯಾದೀತೆಂದು ಯಂತ್ರವನ್ನೇ ಬಚ್ಚಿಡುತ್ತಾರೆ. ಮಾತು ತಪ್ಪಿ ಕೇಳಿಸಿಕೊಳ್ಳುವ ಸೊಸೆಗೆ ಬೈಗುಳವನ್ನು ಬಚ್ಚಿಡುವವರು ಯಾರೂ ಇಲ್ಲ. ಅರ್ಹರಿಗೆ ಯಂತ್ರ ಒದಗಿಸುವ ಕೇಂದ್ರದ ಅಡಿಪ್ ಯೋಜನೆ 1981ರಿಂದಲೂ ಇದೆ. ಕಿವಿ ಸೋರುತ್ತಿರುವವರು ಮಾತ್ರ ರಂಧ್ರ ಮುಚ್ಚುವ ಯಂತ್ರವನ್ನು ವೈದ್ಯರನ್ನು ಕೇಳದೆ ಹಾಕಬಾರದು. ಮೂಳೆಯ ಮೂಲಕ ಧ್ವನಿ ಮುಟ್ಟಿಸುವ ಬೇರೆ ಬಗೆಯ ಯಂತ್ರಗಳು ಅವರಿಗಿವೆ. ಹೊಸ ಯಂತ್ರಕ್ಕೆ ಒಗ್ಗಲು ವಾರಗಳು ಬೇಕು. ಮೊದಲ ದಿನವೇ ಪಾತ್ರೆಯ ಸದ್ದು ಕರ್ಕಶವಾಯಿತೆಂದು ತೆಗೆದಿಡಬಾರದು.

ಓದುಗ ಬಂಧುಗಳಲ್ಲಿ ನಮ್ಮ ವಿನಂತಿ ಇಷ್ಟೆ. ನಿಮ್ಮ ಮನೆಯಲ್ಲಿ, ನೆರೆಯಲ್ಲಿ, ನಿಮ್ಮ ಶಾಲೆಯ ಕೊನೆಯ ಸಾಲಿನಲ್ಲಿ ಕರೆದರೆ ತಿರುಗದವರು ಒಬ್ಬರಾದರೂ ಇರುತ್ತಾರೆ. ಅವರ ಮೂಗು ಎಷ್ಟು ದಿನದಿಂದ ಕಟ್ಟಿದೆ, ಕಿವಿ ಎಂದಾದರೂ ಸೋರಿದೆಯೇ ಎಂದು ಒಮ್ಮೆ ವಿಚಾರಿಸಿರಿ. ಬೆನ್ನ ಹಿಂದೆ ನಿಂತು ಮೆಲ್ಲಗೆ ಅವರ ಹೆಸರು ಹೇಳಿ ನೋಡಿರಿ. ಉತ್ತರ ಬಾರದಿದ್ದರೆ ಸಿಡುಕದೆ, ಈ ವಾರವೇ ಆಸ್ಪತ್ರೆಗೆ ಕರೆದೊಯ್ಯಿರಿ.